ಸತ್ಯಶುದ್ಧ ಕಾಯಕವೂ ಒಂದು ಹಳೆಯ ಯಂತ್ರವೂ

ಶಿವಶರಣರು ಕಾಯಕಕ್ಕೆ ಕೊಟ್ಟ ಮಹತ್ತ್ವವನ್ನು ಕುರಿತು ವೇದಿಕೆಗಳ ಮೇಲೆ ಆಡುವ ಮಾತಿಗೆ ಕೊರತೆಯಿಲ್ಲ. ಬಸವಜಯಂತಿಯ ದಿನ ಊರೂರಿನಲ್ಲಿಯೂ ಆ ಮಾತು ಕೇಳಿಬರುತ್ತದೆ. ಆದರೆ ಕಾಯಕವೆಂಬ ಶಬ್ದದ ಹಿಂದೆ ಸೇರಿಕೊಂಡಿರುವ ‘ಸತ್ಯಶುದ್ಧ’ ಎಂಬ ವಿಶೇಷಣದ ಕಡೆಗೆ ಅಷ್ಟು ಲಕ್ಷ್ಯ ಹೋಗುವುದಿಲ್ಲ. ಬರಿಯ ದುಡಿಮೆಯೇ ಕಾಯಕವಾಗಿದ್ದರೆ ಗಾಣದ ಎತ್ತೂ ಕಾಯಕಜೀವಿಯೇ ಸರಿ. ಕಳ್ಳನಾದರೂ ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿಯುತ್ತಾನೆ. ದುಡಿಮೆಯು ಕಾಯಕವಾಗುವುದು ಸತ್ಯಶುದ್ಧಿಯಿಂದ. ಹಾಗಾದರೆ ಆ ಶುದ್ಧಿಯನ್ನು ಅಳೆಯುವವರು ಯಾರು? ಕೊಳ್ಳುವವನ ಕಣ್ಣಿಗೆ ಬೀಳದ, ಮಾಡಿದವನಿಗೊಬ್ಬನಿಗೇ ತಿಳಿದಿರುವ ದೋಷವೊಂದು ವಸ್ತುವಿನ ಒಡಲಲ್ಲಿ ಉಳಿದಿದ್ದರೆ, ಅದನ್ನು ತಿದ್ದಬೇಕಾದುದು ಯಾರ ಸಲುವಾಗಿ?

ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆದವರು, ಬುಟ್ಟಿ ಹೆಣೆದವರು, ಬಟ್ಟೆ ಒಗೆದವರು, ದೋಣಿ ನಡೆಸಿದವರು ಇದನ್ನು ತಮ್ಮ ತಮ್ಮ ಕೈಯ ಕೆಲಸದಲ್ಲಿಯೇ ಎದುರಿಸಿದರು. ಹಗ್ಗದ ಒಳ ಎಳೆಯಲ್ಲಿ ಕೊಳೆತ ಹುಲ್ಲು ಸೇರಿದ್ದರೆ ಸಂತೆಯಲ್ಲಿ ಅದು ತಿಳಿಯದು. ತುಂಬಿದ ಕೊಡ ಬಾವಿಯ ಅರ್ಧಕ್ಕೆ ಬಂದಾಗ ತಿಳಿಯುತ್ತದೆ. ಉಪಕರಣಗಳು ಬದಲಾದುವು, ಪ್ರಶ್ನೆ ಬದಲಾಗಲಿಲ್ಲ. ಇಂದಿನ ಕಾಲದಲ್ಲಿ ಅದು ಯಾವ ರೂಪದಲ್ಲಿ ಎದುರಾಗುತ್ತದೆಂಬುದನ್ನು ವಿಚಾರಿಸುವುದಕ್ಕೆ, ಮನೆಯ ಹಿತ್ತಿಲಿನ ಕಾರ್ಯಶಾಲೆಯಲ್ಲಿ ಹಳೆಯ ಮಿಲ್ಲಿಂಗ್ ಯಂತ್ರವೊಂದನ್ನು ಜೀರ್ಣೋದ್ಧಾರ ಮಾಡಹೊರಟ ಗೃಹಸ್ಥನ ಉದಾಹರಣೆಯು ತುಂಬ ಅನುಕೂಲವಾಗಿದೆ.

ಮಿಲ್ಲಿಂಗ್ ಎಂದೊಡನೆ ಹಿಟ್ಟಿನ ಗಿರಣಿಯು ಕೆಲವರ ಕಣ್ಣ ಮುಂದೆ ಬರಬಹುದು. ಇದು ಅದಲ್ಲ. ಲೋಹದ ತುಂಡನ್ನು ಸಮತಲ ಮಾಡುವ, ಅದರಲ್ಲಿ ತೋಡು ತೆಗೆಯುವ, ಗಾಲಿಗೆ ಹಲ್ಲು ಕಡೆಯುವ ಯಂತ್ರವಿದು. ಲೇಥಿನಲ್ಲಿ ಕೆಲಸದ ತುಂಡು ತಿರುಗುತ್ತದೆ, ಉಳಿ ತಿರುಗುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಹಲ್ಲುಳ್ಳ ಕಟರು ತಿರುಗುತ್ತದೆ, ಮೇಜಿಗೆ ಬಿಗಿದ ತುಂಡು ಮೆಲ್ಲಗೆ ಅದರೆಡೆಗೆ ಸರಿಯುತ್ತದೆ. ಮೇಜು ಎಡಬಲಕ್ಕೂ ಹಿಂದುಮುಂದಕ್ಕೂ ಮೇಲುಕೆಳಕ್ಕೂ ಚಲಿಸುವಂತೆ ಒಂದರ ಮೇಲೊಂದು ಜಾರುವ ಬೀಡುಕಬ್ಬಿಣದ ಹಳಿಗಳಿರುತ್ತವೆ. 1862ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಜೋಸೆಫ್ ಬ್ರೌನ್ ಎಂಬಾತನು, ಡ್ರಿಲ್ಲಿನ ಮೈಮೇಲಿನ ಸುರುಳಿ ತೋಡನ್ನು ಅರದಿಂದ ಕೈಯಲ್ಲಿ ಉಜ್ಜಿ ತೆಗೆಯುವ ಕಷ್ಟವನ್ನು ತಪ್ಪಿಸಲು ಸಾರ್ವತ್ರಿಕ ಮಿಲ್ಲಿಂಗ್ ಯಂತ್ರವನ್ನು ರಚಿಸಿದನು. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಮುಂದೆ ಇಂತಹ ಯಂತ್ರಗಳನ್ನು ಈ ದೇಶದಲ್ಲಿಯೇ ತಯಾರಿಸಿತು. ಅವುಗಳಲ್ಲಿ ಅನೇಕವು ಇಂದಿಗೂ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುತ್ತಿವೆ. ಗಣಕದ ಆಜ್ಞೆಯಂತೆ ನಡೆಯುವ ಸಿ.ಎನ್.ಸಿ. ಯಂತ್ರಗಳು ಬಂದ ತರುವಾಯ ದೊಡ್ಡ ಕಾರ್ಖಾನೆಗಳಿಂದ ಹೊರಬಿದ್ದ ಹಳೆಯ ಯಂತ್ರಗಳು ಗುಜರಿಯ ಅಂಗಳಕ್ಕೆ ಬಂದು, ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತವೆ.

ಬೆಳಗಾವಿಯ ಉದ್ಯಮಬಾಗದಂತಹ ಎರಕದ ಮನೆಗಳ, ಲೇಥುಗಳ ನೆಲೆಯಲ್ಲಿ ಮೂವತ್ತು ವರುಷ ಯಂತ್ರದ ಮುಂದೆ ನಿಂತು ನಿವೃತ್ತನಾದ ಒಬ್ಬ ಗೃಹಸ್ಥನನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಲಿಂಗವಂತನು, ನಿತ್ಯ ಪೂಜಾನಿಷ್ಠನು. ಮನೆಯ ಹಿಂದೆ ತಗಡಿನ ಮಾಡಿನ ಒಂದು ಶೆಡ್ಡು. ಗುಜರಿಯಲ್ಲಿ ಬಿದ್ದಿದ್ದ ಒಂದು ಟನ್ನಿಗೂ ಮಿಕ್ಕಿದ ಮಿಲ್ಲಿಂಗ್ ಯಂತ್ರವನ್ನು ತನ್ನ ಕೂಡಿಟ್ಟ ಹಣದಿಂದ ಕೊಂಡು, ಟ್ರಕ್ಕಿನ ಮೇಲೆ ಹೇರಿಸಿ, ಕಬ್ಬಿಣದ ಕೊಳವೆಗಳ ಮೇಲೆ ಉರುಳಿಸುತ್ತ ಆ ಶೆಡ್ಡಿನೊಳಗೆ ಸೇರಿಸುತ್ತಾನೆ. ದುರಸ್ತಿ ಮಾಡಿ, ಯಾರಾದರೂ ಹೊಸದಾಗಿ ಕಾರ್ಖಾನೆ ಹೂಡುವ ಹುಡುಗನಿಗೆ ನ್ಯಾಯವಾದ ಬೆಲೆಗೆ ಕೊಡಬೇಕೆಂಬುದು ಅವನ ಸಂಕಲ್ಪ. ಬಂದ ಹಣದಲ್ಲಿ ಒಂದು ಪಾಲು ಮಠದ ದಾಸೋಹಕ್ಕೆ ಎಂದು ಪತ್ನಿಯೊಡನೆ ಮಾತಾಡಿಕೊಂಡಿದ್ದಾನೆ. ಇಲ್ಲಿಯವರೆಗೆ ತೊಡಕೇನೂ ಇಲ್ಲ. ತೊಡಕು ಆರಂಭವಾಗುವುದು ಯಂತ್ರವನ್ನು ಬಿಚ್ಚಿದಾಗ.

ಯಂತ್ರವು ಎಲ್ಲೆಡೆಯಲ್ಲಿಯೂ ಸಮನಾಗಿ ಸವೆಯುವುದಿಲ್ಲ. ಕೆಲಸದ ತುಂಡನ್ನು ಬಿಗಿಯುವ ವೈಸು ಮೇಜಿನ ನಡುವೆ ಇರುವುದರಿಂದ ಮೇಜು ಹೆಚ್ಚಾಗಿ ನಡುಭಾಗದಲ್ಲಿಯೇ ಹೋಗಿಬರುತ್ತದೆ. ಹಳಿಗಳೂ, ಮೇಜನ್ನು ನಡೆಸುವ ತಿರುಪೂ ಅಲ್ಲಿಯೇ ಸವೆಯುತ್ತವೆ. ಸವೆತವೆಂದರೆ ಎಷ್ಟು? ಒಂದು ತಲೆಗೂದಲಿನ ದಪ್ಪದಷ್ಟು, ಅಥವಾ ಅದಕ್ಕಿಂತ ತುಸು ಹೆಚ್ಚು. ಆದರೆ ಈ ಕಾಯಕದಲ್ಲಿ ಕೂದಲೆಳೆಯೆಂಬುದು ಅಲ್ಪವಲ್ಲ. ಜಾರುವ ಹಳಿಯ ಸಡಿಲನ್ನು ಸರಿಪಡಿಸುವುದಕ್ಕೆ ಗಿಬ್ ಎಂಬ ಬೆಣೆಯಂತಹ ಪಟ್ಟಿಯಿದೆ. ನಡುವಿನ ಸಡಿಲು ಹೋಗುವಂತೆ ಅದನ್ನು ಬಿಗಿದರೆ ಮೇಜು ಎರಡು ತುದಿಗಳಲ್ಲಿಯೂ ಸಿಕ್ಕಿಕೊಂಡು ನಿಲ್ಲುತ್ತದೆ. ತುದಿಗಳಿಗೆ ಸರಿಹೋಗುವಂತೆ ಸಡಿಲಿಸಿದರೆ ನಡುವೆ ಅಲುಗಾಡುತ್ತದೆ. ಕೆಟ್ಟ ಅಭ್ಯಾಸವೊಂದು ಮೈಗೂಡಿದ ಮನುಷ್ಯನನ್ನು ಮೇಲಿನಿಂದ ಬಿಗಿಹಿಡಿದು ತಿದ್ದಹೊರಟವರೆಲ್ಲರಿಗೂ ಈ ಅನುಭವ ಉಂಟು.

ಇಂತಹ ಯಂತ್ರವನ್ನು ಮಾರುವುದಕ್ಕೆ ಪೇಟೆಯಲ್ಲಿ ಸುಲಭವಾದ ದಾರಿಯೊಂದಿದೆ. ಹಳೆಯ ಬಣ್ಣವನ್ನು ಕೆರೆದು, ಗಾಯಗಳಿಗೆ ಪುಟ್ಟಿ ತುಂಬಿ, ಹೊಸ ಹಸಿರು ಬಣ್ಣ ಬಳಿದು, ಹಿಡಿಕೆಗಳಿಗೆ ಹೊಳಪು ಕೊಟ್ಟು, ಹಳಿಗಳಿಗೆ ದಪ್ಪ ಗ್ರೀಸು ಮೆತ್ತಿದರೆ ಸಾಕು. ಗ್ರೀಸಿನ ಮೇಲೆ ಮೇಜು ನುಣ್ಣಗೆ ಜಾರುತ್ತದೆ. ಒಳಗಿನ ಸಡಿಲು ಆ ದಿನದ ಮಟ್ಟಿಗೆ ತಿಳಿಯದು. ಇದಕ್ಕೂ ಮಿಗಿಲಾದ ಚಾತುರ್ಯ ಇನ್ನೊಂದುಂಟು. ಕೈಯಿಂದ ಕೆರೆದು ಸಮತಲಗೊಳಿಸಿದ ಹಳಿಯ ಮೇಲೆ ಉಳಿಯ ಗುರುತುಗಳು ಉಳಿದಿರುತ್ತವೆ. ಅಂಥ ಹಳಿಗಳ ಮೇಲೆ ಅರ್ಧಚಂದ್ರಾಕಾರದ ಸಾಲು ಸಾಲು ಗುರುತುಗಳನ್ನು ಹಾಕುವ ಪದ್ಧತಿಯೂ ಇದೆ. ಅವನ್ನು ನೋಡಿದ ಅನುಭವಿಯು ‘ಇದು ಕೈಕೆಲಸ’ ಎಂದು ನಂಬುತ್ತಾನೆ. ಆದುದರಿಂದ ಕೆಲವರು ಸವೆದ ಹಳಿಯನ್ನು ತಿದ್ದದೆಯೇ, ಅದೇ ಸವೆತದ ಮೇಲೆ ಆ ಗುರುತುಗಳನ್ನು ಮಾತ್ರ ಒತ್ತಿಬಿಡುತ್ತಾರೆ. ಒಳಗಿನ ಆಚರಣೆಯಿಲ್ಲದೆ ಹಣೆಯ ಮೇಲೆ ಮೂರು ಗೆರೆ ಎಳೆದುಕೊಂಡಂತೆ ಇದು. ಲಾಂಛನವನ್ನು ನಂಬಿ ಕೈಮುಗಿಯುವ ಭಕ್ತನಿಗೆ ಆಗುವ ವಂಚನೆಗೂ, ಗುರುತನ್ನು ನಂಬಿ ಹಣ ತೆರುವ ಹುಡುಗನಿಗೆ ಆಗುವ ವಂಚನೆಗೂ ಜಾತಿಭೇದವಿಲ್ಲ. ಬರಿಯ ವೇಷವನ್ನು ಶರಣರು ಅಷ್ಟು ಕಠೋರವಾಗಿ ಖಂಡಿಸಿದುದು ವೇಷದ ಮೇಲಣ ದ್ವೇಷದಿಂದಲ್ಲ. ನಿಜವಾದ ಲಾಂಛನಕ್ಕೆ ಇರುವ ನಂಬಿಕೆಯನ್ನು ಅದು ಕದಿಯುತ್ತದೆಂಬ ಕಾರಣದಿಂದ.

ಬಣ್ಣ ಬಳಿದರೆ ಯಾರಿಗೇನು ನಷ್ಟ, ತುಸು ಹೆಚ್ಚುಕಡಿಮೆ ಕೆಲಸ ನಡೆದುಹೋಗುತ್ತದಲ್ಲ ಎನ್ನುವವರು ಇದ್ದಾರೆ. ಅವರಿಗೆ ತಿರುಪಿನ ಸಂಗತಿಯನ್ನು ಹೇಳಬೇಕಾಗುತ್ತದೆ. ತಿರುಪೂ ಅದರ ನಟ್ಟೂ ಸವೆದಿದ್ದರೆ ಮೇಜಿಗೆ ಮುಂದಕ್ಕೂ ಹಿಂದಕ್ಕೂ ಒಂದಿಷ್ಟು ಸಡಿಲು ಇರುತ್ತದೆ. ಕಟರು ತಿರುಗುವ ದಿಕ್ಕಿಗೆ ಎದುರಾಗಿ ತುಂಡನ್ನು ಊಡಿಸುವಾಗ ಇದರಿಂದ ಅಪಾಯವಿಲ್ಲ. ಕಟರು ಮೇಜನ್ನು ಹಿಂದಕ್ಕೆ ಒತ್ತುತ್ತಲೇ ಇರುತ್ತದೆ. ಅದೇ ದಿಕ್ಕಿನಲ್ಲಿ ಊಡಿಸಿದರೆ ಕಟರು ಮೇಜನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಸಡಿಲಿದ್ದಷ್ಟು ದೂರ ಮೇಜು ಒಮ್ಮೆಲೆ ಜಿಗಿಯುತ್ತದೆ. ಕಟರಿನ ಹಲ್ಲು ಮುರಿಯುತ್ತದೆ, ತುಂಡು ವೈಸಿನಿಂದ ಕಿತ್ತು ಹಾರಬಹುದು. ಯಂತ್ರದ ಮುಂದೆ ಆಗ ನಿಂತಿರುವವನು ಬಣ್ಣ ಬಳಿದವನಲ್ಲ, ಕೊಂಡ ಮಾಲಿಕನೂ ಅಲ್ಲದಿರಬಹುದು. ದಿನಗೂಲಿಯ ಒಬ್ಬ ಎಳೆಯ ಹುಡುಗನಿರಬಹುದು. ಅವನ ಮುಖವನ್ನು ಬಣ್ಣ ಬಳಿದವನು ಎಂದೂ ನೋಡಿರುವುದಿಲ್ಲ. ದಯೆಯನ್ನು ಧರ್ಮದ ಬೇರೆಂದು ಕಂಡ ಶರಣರ ಮಾತು ಎದುರಿಗೆ ಬಂದು ಕೈಯೊಡ್ಡಿದವನಿಗೆ ಮಾತ್ರ ಅನ್ವಯಿಸುವುದೆಂದು ತಿಳಿದವರು ಆ ಮಾತಿನ ಅರ್ಧವನ್ನೇ ಕೇಳಿದವರು.

ಉದಾಹರಣೆಯ ಗೃಹಸ್ಥನು ಬಣ್ಣದ ದಾರಿಯನ್ನು ಹಿಡಿಯುವುದಿಲ್ಲ. ಅವನು ಹಳಿಗಳನ್ನು ಸೀಮೆಎಣ್ಣೆಯಿಂದ ತೊಳೆದು ಒರಸಿ, ಬೆಳಕಿಗೆ ಓರೆಯಾಗಿ ನೋಡುತ್ತಾನೆ. ನಡುವೆ ಸವೆದು ಹೊಳೆಯುವ ಭಾಗ. ಆದರೆ ಹಳಿಯ ತೀರ ತುದಿಯಲ್ಲಿ, ಮೇಲಿನ ಭಾಗವು ಎಂದೂ ತಲುಪದ ಒಂದೆರಡು ಅಂಗುಲದ ಜಾಗದಲ್ಲಿ, ಯಂತ್ರವನ್ನು ಮಾಡಿದ ಕೈಗಳು ಬಿಟ್ಟುಹೋದ ಉಳಿಯ ಗುರುತುಗಳು ಅರ್ಧ ಶತಮಾನದ ಮೇಲೆಯೂ ಹಾಗೆಯೇ ಉಳಿದಿವೆ. ಅನುಭವಿಗಳು ಮೊದಲು ಹುಡುಕುವುದು ಇದನ್ನೇ. ಯಂತ್ರವು ಹುಟ್ಟಿದಂದು ಎಷ್ಟು ನೇರವಾಗಿತ್ತೆಂಬುದಕ್ಕೆ ಉಳಿದಿರುವ ಸಾಕ್ಷಿ ಅದೊಂದೇ. ಅಳತೆಯನ್ನು ಅಲ್ಲಿಂದಲೇ ಆರಂಭಿಸಬೇಕು. ಮನುಷ್ಯನ ಬದುಕು ಎಷ್ಟೇ ಸವೆದರೂ ವ್ಯವಹಾರದ ಉಜ್ಜಾಟ ತಲುಪದ ಒಂದು ಅಂಚು ಅವನೊಳಗೆ ಉಳಿದಿರುತ್ತದೆ. ಶರಣರು ಅದನ್ನು ಅರಿವು ಎಂದರು. ಅದನ್ನೇ ಗುರುಸ್ಥಾನದಲ್ಲಿ ಇರಿಸಿದರು.

ಆಮೇಲಿನ ಕೆಲಸ ದೀರ್ಘವಾದುದು. ಸಮತಲವೆಂದು ಗೊತ್ತಿರುವ ಫಲಕಕ್ಕೆ ನೀಲಿಬಣ್ಣವನ್ನು ತೀರ ತೆಳ್ಳಗೆ ಸವರಿ, ಹಳಿಯ ಮೇಲೆ ಇಟ್ಟು ಮೆಲ್ಲನೆ ಉಜ್ಜಿ ಎತ್ತಬೇಕು. ಎಲ್ಲೆಲ್ಲಿ ಹಳಿಯು ಉಬ್ಬಿದೆಯೋ ಅಲ್ಲಲ್ಲಿ ನೀಲಿಯ ಕಲೆ ಹತ್ತಿರುತ್ತದೆ. ಹದಮಾಡಿದ ಸ್ಕ್ರೇಪರಿನಿಂದ (ಹಳೆಯ ಅರದ ತುದಿಯನ್ನು ಸಾಣೆ ಹಿಡಿದು ಇದನ್ನು ಮಾಡಿಕೊಳ್ಳುವುದುಂಟು) ಆ ಕಲೆಗಳನ್ನು ಮಾತ್ರ ಕೆರೆದು ತೆಗೆಯಬೇಕು. ಒಂದು ಸಲಕ್ಕೆ ಹೋಗುವುದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಅಂಶಗಳು. ಒರಸಿ, ಮತ್ತೆ ನೀಲಿ, ಮತ್ತೆ ಕೆರೆತ. ಮೊದಲಿಗೆ ಮೂರು ನಾಲ್ಕು ದೊಡ್ಡ ಕಲೆಗಳು. ನೂರಾರು ಆವೃತ್ತಿಗಳಾದ ಮೇಲೆ ಒಂದೊಂದು ಚದರ ಅಂಗುಲಕ್ಕೆ ಹತ್ತಿಪ್ಪತ್ತು ಸಣ್ಣ ಬಿಂದುಗಳು ಹರಡಿಕೊಳ್ಳುತ್ತವೆ. ಒಂದು ಹಳಿಗೆ ವಾರಗಳು ಹಿಡಿಯುತ್ತವೆ. ಅಂಗೈ ಬೊಬ್ಬೆಯೇಳುತ್ತದೆ, ಸೊಂಟ ಹಿಡಿಯುತ್ತದೆ.

ಈ ಕ್ರಿಯೆಯಲ್ಲಿ ಎರಡು ವಿಶೇಷಗಳಿವೆ. ತಗ್ಗನ್ನು ತುಂಬುವ ಉಪಾಯ ಕೆರೆಯುವವನಿಗೆ ಇಲ್ಲ. ಅವನು ಮಾಡಬಲ್ಲದ್ದು ಉಬ್ಬನ್ನು ಇಳಿಸುವುದಷ್ಟೆ. ತಗ್ಗಿನ ಮಟ್ಟಕ್ಕೆ ಉಬ್ಬು ಬರುವವರೆಗೆ ಬಿಡುವಿಲ್ಲ. ವಿನಯವನ್ನು ಸೇರಿಸಿಕೊಳ್ಳುವುದಕ್ಕೆ ಬರುವುದಿಲ್ಲ, ಅಹಂಕಾರವನ್ನು ಇಳಿಸುವುದಕ್ಕೆ ಮಾತ್ರ ಬರುತ್ತದೆ ಎಂಬುದನ್ನು ಸಾಧಕರು ಬಲ್ಲರು. ಎರಡನೆಯದು ಇನ್ನೂ ಸ್ವಾರಸ್ಯವಾದುದು. ಒಂದೂ ತಗ್ಗಿಲ್ಲದಂತೆ ಕನ್ನಡಿಯಾಗಿ ಉಜ್ಜಿದ ಎರಡು ಮೇಲ್ಮೈಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ; ನಡುವೆ ಎಣ್ಣೆಗೆ ಎಡೆಯಿರದು. ಕೆರೆದ ಹಳಿಯಲ್ಲಿ ಬಿಂದುಗಳ ನಡುವೆ ಉಳಿದ ಅತಿ ಸಣ್ಣ ತಗ್ಗುಗಳೇ ಎಣ್ಣೆಯನ್ನು ಹಿಡಿದಿಟ್ಟು, ಭಾರವಾದ ಮೇಜು ವರುಷಗಟ್ಟಲೆ ಹಿತವಾಗಿ ಜಾರುವಂತೆ ಮಾಡುತ್ತವೆ. ಕುಂದಿಲ್ಲದವನಾಗಬೇಕೆಂದು ಹೊರಟು ಮನೆಮಂದಿಗೆಲ್ಲ ಗಡುಸಾಗಿ ಪರಿಣಮಿಸಿದ ಆಚಾರವಂತರು ಊರಿಗೊಬ್ಬರಾದರೂ ಇರುವುದರಿಂದ ಈ ಮಾತನ್ನು ಇಲ್ಲಿ ಹೇಳಬೇಕಾಯಿತು.

ಇಷ್ಟರಲ್ಲಿ ಸೂಕ್ಷ್ಮಬುದ್ಧಿಯ ಓದುಗರಿಗೆ ಒಂದು ಸಂದೇಹ ಹುಟ್ಟಿರಬೇಕು. ಹಳಿಯನ್ನು ತಿದ್ದಲು ಸಮತಲವಾದ ಫಲಕ ಬೇಕು. ಆ ಫಲಕವನ್ನು ಸಮತಲ ಮಾಡಿದುದು ಯಾವುದರಿಂದ? ಅದಕ್ಕೊಂದು ಫಲಕ, ಅದಕ್ಕೆ ಮತ್ತೊಂದು ಎನ್ನುತ್ತ ಹೋದರೆ ಮೊದಲನೆಯದು ಎಲ್ಲಿಂದ ಬಂತು? ಈ ಪ್ರಶ್ನೆಗೆ ಕುಶಲಕರ್ಮಿಗಳು ಕಂಡುಕೊಂಡ ಉತ್ತರವು ತತ್ತ್ವಶಾಸ್ತ್ರಜ್ಞರೂ ಮೆಚ್ಚತಕ್ಕುದು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ (1803–1887) ಎಂಬಾತನು 1840ರಲ್ಲಿ ಈ ವಿಷಯವಾಗಿ ಪ್ರಬಂಧವೊಂದನ್ನು ಮಂಡಿಸಿದನು. ಅಲ್ಲಿಯವರೆಗೆ ಫಲಕಗಳನ್ನು ಕುರುಂದದ ಪುಡಿ ಹಾಕಿ ಒಂದಕ್ಕೊಂದು ತಿಕ್ಕುವ ರೂಢಿಯಿತ್ತು. ಎರಡೇ ಫಲಕಗಳನ್ನು ಹೀಗೆ ಹೊಂದಿಸಿದರೆ ಅವು ಪೂರ್ತಿಯಾಗಿ ಕೂಡಬಹುದು, ಆದರೂ ಸಮತಲವಾಗದೆ ಇರಬಹುದು. ಒಂದು ಉಬ್ಬು, ಇನ್ನೊಂದು ಅದಕ್ಕೆ ತಕ್ಕ ತಗ್ಗು. ಬೀಸುವ ಕಲ್ಲಿನ ಎರಡು ಹೋಳುಗಳು ವರುಷಗಳ ಬೀಸಾಟದಲ್ಲಿ ಒಂದಕ್ಕೊಂದು ಸೊಗಸಾಗಿ ಕೂತಿರುತ್ತವೆ; ಅಷ್ಟರಿಂದ ಅವು ನೆಟ್ಟಗಿವೆಯೆಂದು ಹೇಳಲಾಗದು. ವಿಟ್‌ವರ್ತನ ವಿಧಾನದಲ್ಲಿ ಮೂರು ಫಲಕಗಳು. ಮೊದಲನೆಯದು ಎರಡನೆಯದರೊಡನೆ, ಎರಡನೆಯದು ಮೂರನೆಯದರೊಡನೆ, ಮೂರನೆಯದು ಮೊದಲನೆಯದರೊಡನೆ ಪರೀಕ್ಷೆಗೆ ನಿಲ್ಲುತ್ತವೆ. ಪ್ರತಿಯೊಂದರ ಉಬ್ಬನ್ನೂ ಕೆರೆದು ಇಳಿಸುತ್ತಾರೆ. ಉಬ್ಬಿಗೆ ಹೊಂದಿದ ತಗ್ಗು ಇನ್ನೊಂದು ತಗ್ಗಿನೊಡನೆ ಹೊಂದಲಾರದು. ಮೂರೂ ಪರಸ್ಪರ ಒಪ್ಪಿದಾಗ ಅವು ಮೂರೂ ಸಮತಲವಾಗಿರಲೇಬೇಕು. ಹೊರಗಿನಿಂದ ತಂದ ಅಳತೆಗೋಲಿಲ್ಲ. ಮೂರು ಅಪೂರ್ಣಗಳು ಒಂದನ್ನೊಂದು ತಿದ್ದಿ ಪೂರ್ಣದ ಸಮೀಪಕ್ಕೆ ಬಂದಿವೆ.

ಇಬ್ಬರು ಸೇರಿ ತಪ್ಪಿನಲ್ಲಿ ಒಪ್ಪುವುದು ಲೋಕದಲ್ಲಿ ನಿತ್ಯವೂ ನಡೆಯುವ ಸಂಗತಿ. ಮಾರುವವನೂ ದಲಾಲನೂ ಒಪ್ಪುತ್ತಾರೆ. ಮನುಷ್ಯನೂ ಅವನ ಮನಸ್ಸೂ ಒಪ್ಪುತ್ತವೆ. ಆದುದರಿಂದಲೇ ಏಕಾಂತದ ಆತ್ಮಪರೀಕ್ಷೆಯೊಂದೇ ಸಾಲದೆ ಶರಣರಿಗೆ ಅನುಭಾವಗೋಷ್ಠಿಯು ಬೇಕಾಯಿತು. ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಈ ದೃಷ್ಟಿಯಿಂದ ನೋಡಬೇಕು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದರು. ಕೊಟ್ಟವರ ಮನಸ್ಸಿಗೂ ತಂದವರ ಮನಸ್ಸಿಗೂ ಅದು ಸರಿಯಾಗಿಯೇ ಕಂಡಿತ್ತು. ಪತ್ನಿ ಲಕ್ಕಮ್ಮನವರು ಆ ಹೆಚ್ಚಿನ ಅಕ್ಕಿಯಲ್ಲಿ ಆಸೆಯ ಉಬ್ಬನ್ನು ಕಂಡು, ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದರು. ಮೂರನೆಯ ಫಲಕವೆಂದರೆ ಇದೇ. ಲಕ್ಕಮ್ಮನವರನ್ನು ‘ಬಡತನದಲ್ಲಿ ತೃಪ್ತಳಾದ ಪತಿವ್ರತೆ’ ಎಂದಷ್ಟೇ ಹೊಗಳಿ ಮುಗಿಸುವ ಪುರಾಣಪ್ರವಚನಗಳು ಆಕೆಗೆ ನ್ಯಾಯ ಮಾಡಿಲ್ಲ. ಆಕೆ ಪತಿಯ ಕಾಯಕವನ್ನು ಪರೀಕ್ಷಿಸಿ ತಿದ್ದಿದ ಶರಣೆ.

ಮರಳಿ ತಗಡಿನ ಶೆಡ್ಡಿಗೆ ಬಂದರೆ, ಅಲ್ಲಿಯೂ ಒಂದು ಉಬ್ಬು ಕಾಣಿಸಿಕೊಂಡಿದೆ. ಆದರೆ ಅದು ಹಳಿಯ ಮೇಲೆ ಇಲ್ಲ.

ಬೀಡುಕಬ್ಬಿಣವು ಬಿಸಿಗೆ ಹಿಗ್ಗುವ ವಸ್ತು. ಒಂದು ಮೀಟರು ಉದ್ದದ ಕಬ್ಬಿಣವು ಒಂದು ಡಿಗ್ರಿ ಕಾವಿಗೆ ಮಿಲಿಮೀಟರಿನ ನೂರರಲ್ಲೊಂದು ಅಂಶದಷ್ಟು ಬೆಳೆಯುತ್ತದೆ. ಮೇಲಿನ ಮುಖ ಕೆಳಗಿನದಕ್ಕಿಂತ ಬೆಚ್ಚಗಾದರೆ ಫಲಕವು ಬಿಲ್ಲಿನಂತೆ ಬಾಗುತ್ತದೆ. ಬಿಸಿಲೇರಿ ತಗಡು ಕಾದ ಮೇಲೆ ಮಾಡಿದ ಅಳತೆಯನ್ನು ನಂಬುವಂತಿಲ್ಲ. ಅಳೆಯುವುದಕ್ಕೆ ಯೋಗ್ಯವಾದ ಹೊತ್ತೆಂದರೆ ಬೆಳಗಿನ ತಂಪು. ಅದೇ ಲಿಂಗಪೂಜೆಯ ಹೊತ್ತು. ಗೃಹಸ್ಥನು ಮೊದಲು ಪೂಜೆಯನ್ನು ಅವಸರದಿಂದ ಮುಗಿಸತೊಡಗಿದನು. ಆಮೇಲೆ ಶೆಡ್ಡಿನಿಂದ ಬಂದ ಮೇಲೆ ಎಂದು ಮುಂದೂಡಿದನು. ಕೆಲವು ದಿನ ಊಟದ ಹೊತ್ತಿಗೆ ನೆನಪಾಯಿತು. ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂಬ ಮಾತು ಬಂದಾಗ ಆತನ ಕೈಗೆ ನೀಲಿ ಮೆತ್ತಿರುತ್ತದೆ. ಪತ್ನಿ ಆಕ್ಷೇಪಿಸಿದರೆ ಉತ್ತರ ಸಿದ್ಧವಾಗಿದೆ: ನುಲಿಯ ಚಂದಯ್ಯನವರು ಜಾರಿಬಿದ್ದ ಲಿಂಗವನ್ನೂ ಲೆಕ್ಕಿಸದೆ ಕಾಯಕವನ್ನು ಮುಂದುವರಿಸಲಿಲ್ಲವೆ?

ಈ ಉತ್ತರವು ಕೇಳುವುದಕ್ಕೆ ಬಲವಾಗಿದೆ, ಪರೀಕ್ಷೆಗೆ ನಿಲ್ಲುವುದಿಲ್ಲ. ಹುಲ್ಲು ಕೊಯ್ಯುವಾಗ ಲಿಂಗವು ನೀರಿಗೆ ಬಿದ್ದುದನ್ನು ಲಕ್ಷಿಸದೆ ಚಂದಯ್ಯನವರು ಹುಲ್ಲಿನ ಹೊರೆ ಹೊತ್ತು ನಡೆದರೆಂಬುದು, ಲಿಂಗವೇ ಅವರನ್ನು ಹಿಂಬಾಲಿಸಿತೆಂಬುದು ಪ್ರಸಿದ್ಧ ಕಥನ. ಆದರೆ ಆ ಹುಲ್ಲು ಹಗ್ಗವಾಗಿ, ಹಗ್ಗದ ಹಣವು ಜಂಗಮದಾಸೋಹವಾಗಬೇಕಾಗಿತ್ತು. ತಡವಾದರೆ ಉಪವಾಸ ಕುಳಿತುಕೊಳ್ಳುವವರು ಬೇರೆಯವರಾಗಿದ್ದರು. ಅಷ್ಟೇ ಅಲ್ಲ, ಅದೇ ಕಥನದಲ್ಲಿ, ಲಿಂಗವು ಹಗ್ಗವನ್ನು ಮಾರಿ ಅದರ ಯೋಗ್ಯತೆಗೆ ಮೀರಿದ ಬೆಲೆಯನ್ನು ತಂದಾಗ ಅವರು ಅದನ್ನು ಒಪ್ಪಲಿಲ್ಲ. ಲಿಂಗವನ್ನು ಬಿಟ್ಟುದನ್ನು ಮಾತ್ರ ನೆನೆದು, ಹಣವನ್ನು ಬಿಟ್ಟುದನ್ನು ಮರೆಯುವವನು ಚಂದಯ್ಯನವರ ಹೆಸರನ್ನು ಹೇಳಲು ಅರ್ಹನಲ್ಲ. ಗೃಹಸ್ಥನ ಯಂತ್ರಕ್ಕಾಗಿ ಯಾರೂ ಹಸಿದು ಕಾದಿರಲಿಲ್ಲ. ಆತನು ಪೂಜೆಯನ್ನು ಮುಂದೂಡಿದುದು ದಾಸೋಹಕ್ಕಾಗಿ ಅಲ್ಲ, ಬಿಂದುಗಳಿಗಾಗಿ. ಚದರ ಅಂಗುಲಕ್ಕೆ ಇಪ್ಪತ್ತು ಬಿಂದುಗಳು ಬಂದ ಮೇಲೆಯೂ ಆತನು ನಿಲ್ಲಿಸಲಿಲ್ಲ. ನಲವತ್ತಾಗಲಿ ಎಂದು ಕೆರೆದನು. ಆ ಯಂತ್ರಕ್ಕೆ ನಲವತ್ತು ಬೇಕಾಗಿರಲಿಲ್ಲ. ಹಳೆಯ ಸಂಗಡಿಗರು ಬಂದು ನೋಡಿ ತಲೆದೂಗುವಾಗ ಆಗುತ್ತಿದ್ದ ಸುಖ ಆತನಿಗೆ ಬೇಕಾಗಿತ್ತು.

ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು, ಅವರನ್ನು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆರೆಯೇನು ಕೆಟ್ಟದ್ದೆ? ಸಾವಿರಾರು ಜೀವಗಳಿಗೆ ನೀರು ಕೊಡುವ ಕಾರ್ಯ ಅದು. ಪ್ರಭುಗಳು ಕೆರೆಯನ್ನು ಜರೆಯಲಿಲ್ಲ. ಕಟ್ಟಿಸಿದೆನೆಂಬ ಭಾವವನ್ನು ನೀಲಿ ಹಚ್ಚಿ ತೋರಿಸಿದರು. ಅಂದಮೇಲೆ ಕಾಯಕವನ್ನು ಕೆಡಿಸಲು ಎರಡು ದಾರಿಗಳಿವೆಯೆಂದಾಯಿತು. ಬಣ್ಣ ಬಳಿದು ದೋಷವನ್ನು ಮುಚ್ಚುವುದು ಒಂದು. ಅದನ್ನು ಎಲ್ಲರೂ ಪಾಪವೆಂದು ಗುರುತಿಸುತ್ತಾರೆ. ದೋಷವನ್ನು ತಿದ್ದುವ ನೆಪದಲ್ಲಿ ತನ್ನನ್ನೇ ಪೂಜಿಸಿಕೊಳ್ಳುವುದು ಇನ್ನೊಂದು. ಇದನ್ನು ಜನರು ನಿಷ್ಠೆಯೆಂದು ಹೊಗಳುತ್ತಾರೆ. ಮೊದಲನೆಯದಕ್ಕಿಂತ ಎರಡನೆಯದು ಹೆಚ್ಚು ಅಪಾಯಕಾರಿ ಎಂದು ಹೇಳುವುದು ಅತಿಶಯೋಕ್ತಿಯಾದೀತು. ಯಂತ್ರದ ಮುಂದೆ ನಿಲ್ಲುವ ಹುಡುಗನ ದೃಷ್ಟಿಯಿಂದ ಬಣ್ಣದ ಯಂತ್ರಕ್ಕಿಂತ ಅಹಂಕಾರದ ಯಂತ್ರವೇ ಮೇಲು. ಆದರೆ ಮನೆಯೊಳಗೆ ಇರುವವರ ದೃಷ್ಟಿಯಿಂದ ಎರಡನೆಯದರ ಬೆಲೆಯನ್ನು ತೆತ್ತವರು ಅವರು.

ಹಾಗಾದರೆ ಕಾಣದ ದೋಷವನ್ನು ತಿದ್ದಬೇಕಾದುದು ಯಾರ ಸಲುವಾಗಿ ಎಂಬ ಮೊದಲಿನ ಪ್ರಶ್ನೆಗೆ ‘ತನ್ನ ತೃಪ್ತಿಗಾಗಿ’ ಎಂಬ ಉತ್ತರವು ಸಾಲದು. ತನ್ನ ತೃಪ್ತಿಗೆ ಎಲ್ಲೆಯಿಲ್ಲ. ಅದು ನಲವತ್ತನ್ನು ಕೇಳುತ್ತದೆ, ಆಮೇಲೆ ಅರುವತ್ತನ್ನು. ಮುಂದೆ ಆ ಯಂತ್ರದ ಮುಂದೆ ನಿಲ್ಲುವ, ಹೆಸರು ಗೊತ್ತಿಲ್ಲದ ಒಬ್ಬನ ಸಲುವಾಗಿ ಎಂದಾಗ ಮಾತ್ರ ಕೆಲಸಕ್ಕೆ ಅಳತೆಯೂ ಬರುತ್ತದೆ, ನಿಲ್ಲಿಸುವ ಹೊತ್ತೂ ತಿಳಿಯುತ್ತದೆ. ಅವನಿಗೆ ಎಷ್ಟು ಬೇಕೋ ಅಷ್ಟು ಕಡ್ಡಾಯ. ಅದಕ್ಕೆ ಮೀರಿದುದು ಆಯ್ದು ತಂದ ಹೆಚ್ಚಿನ ಅಕ್ಕಿ.

ಆ ಮನೆಯಲ್ಲಿ ಈ ವಿವೇಕವು ಯಾವ ಉಪದೇಶದಿಂದಲೂ ಬರಲಿಲ್ಲವೆಂದು ಭಾವಿಸಬೇಕು. ಒಂದು ಬೆಳಗ್ಗೆ ಪತ್ನಿಯು ಪೂಜೆಯ ಪತ್ರೆ, ವಿಭೂತಿ, ನೀರಿನ ತಂಬಿಗೆಗಳನ್ನು ತಂದು ಶೆಡ್ಡಿನಲ್ಲಿ ಯಂತ್ರದ ಪಕ್ಕದಲ್ಲಿಯೇ ಇಟ್ಟು, ಏನೂ ಹೇಳದೆ ಹೊರಟುಹೋದಳು. ಆತನು ಕೈ ತೊಳೆಯಲು ಹೋದನು. ನೀಲಿಯು ಬೇಗ ಹೋಗುವ ಬಣ್ಣವಲ್ಲ. ಉಗುರಿನ ಸಂದುಗಳಲ್ಲಿ ಉಳಿ�ದುಕೊಳ್ಳುತ್ತದೆ. ಅಂದು ಎಡ ಅಂಗೈಯಲ್ಲಿ ಲಿಂಗವನ್ನು ಇರಿಸಿಕೊಂಡು ಕುಳಿತಾಗ ಆ ನೀಲಿಯ ಬೆರಳುಗಳು ಕಣ್ಣೆದುರಿಗೇ ಇದ್ದುವು. ಮರುದಿನದಿಂದ ಪೂಜೆ ಮೊದಲಾಯಿತು, ಅಳತೆ ಆಮೇಲೆ. ತಂಪಿನ ಹೊತ್ತು ಕಡಿಮೆಯಾದುದರಿಂದ ಕೆಲಸವು ಒಂದೂವರೆ ತಿಂಗಳು ತಡವಾಯಿತು. ಉಳಿದ ಹಳಿಗಳು ಇಪ್ಪತ್ತು ಬಿಂದುಗಳಿಗೆ ನಿಂತುವು.

ಯಂತ್ರವು ಸಿದ್ಧವಾಯಿತು. ಹಳಿಗಳು ನೇರವಾದುವು, ಸ್ಪಿಂಡಲಿಗೆ ಹೊಸ ಬೇರಿಂಗುಗಳು ಬಂದುವು. ತಿರುಪು ಮಾತ್ರ ಹಾಗೆಯೇ ಉಳಿಯಿತು. ಹೊಸದನ್ನು ಮಾಡಿಸುವಷ್ಟು ಹಣ ಉಳಿದಿರಲಿಲ್ಲ. ನಟ್ಟನ್ನು ಹೊಸದಾಗಿ ಮಾಡಿಸಿದ್ದರಿಂದ ಸಡಿಲು ಕಡಿಮೆಯಾಗಿತ್ತು, ಇಲ್ಲವಾಗಿರಲಿಲ್ಲ. ಹಿಡಿಕೆಯನ್ನು ಎರಡು ಕಡೆಗೂ ತಿರುಗಿಸಿ ನೋಡದ ಹೊರತು ಅದು ಗೊತ್ತಾಗುವಂತಿರಲಿಲ್ಲ. ಹೊಸದಾಗಿ ಕೆಲಸ ಹೂಡುವ ಒಬ್ಬ ತರುಣನು ನೋಡಲು ಬಂದನು. ಹಳಿಗಳನ್ನು ಮುಟ್ಟಿ ನೋಡಿ ಬೆರಗಾದನು. ಬೆಲೆಗೆ ಚೌಕಾಸಿಯನ್ನೂ ಮಾಡಲಿಲ್ಲ. ಮುಂಗಡದ ಹಣವನ್ನು ಎಣಿಸಿ ಕೊಟ್ಟು, ಚಹಾ ಕುಡಿದು, ಟ್ರಕ್ಕು ತರುವುದಾಗಿ ಹೇಳಿ ಎದ್ದನು.

ಕಪ್ಪುಬಸಿಗಳನ್ನು ತೆಗೆದುಕೊಂಡು ಹೋಗಲು ಬಂದ ಪತ್ನಿಯು ಬಾಗಿಲಲ್ಲಿ ನಿಂತು ಕೇಳಿದಳು:

“ಆ ತಿರುಪಿನ ಸುದ್ದಿ ಅವರಿಗೆ ಹೇಳೀರೇನ್ರಿ?”

ತರುಣನು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದನು. ಗೃಹಸ್ಥನು ಅವನನ್ನು ಹಿಂದಕ್ಕೆ ಕರೆದು, ಶೆಡ್ಡಿಗೆ ಕರೆದೊಯ್ದು, ಹಿಡಿಕೆಯನ್ನು ಒಂದು ಕಡೆಗೆ ತಿರುಗಿಸಿ, ಮತ್ತೆ ಇನ್ನೊಂದು ಕಡೆಗೆ ತಿರುಗಿಸಿ, ಮೇಜು ಅಲುಗದೆ ಇರುವ ಆ ಅಷ್ಟು ಸುತ್ತನ್ನು ತೋರಿಸಿದನು. ಕಟರಿನ ದಿಕ್ಕಿನಲ್ಲಿ ಊಡಿಸಕೂಡದೆಂಬುದನ್ನು ಒಂದು ತಗಡಿನ ಮೇಲೆ ಬರೆದು ಯಂತ್ರದ ಮುಂಭಾಗಕ್ಕೆ ಬಿಗಿದುಕೊಡುವುದಾಗಿ ಹೇಳಿದನು. ಹೊಸ ತಿರುಪಿಗೆ ಬೀಳುವಷ್ಟು ಹಣವನ್ನು ಬೆಲೆಯಿಂದ ಕಳೆದನು. ತರುಣನು ಹಿಡಿಕೆಯನ್ನು ತಾನೂ ಎರಡು ಸಲ ತಿರುಗಿಸಿ ನೋಡಿದನು. ಆಮೇಲೆ ತಗಡಿನ ಮೇಲೆ ಅಕ್ಷರಗಳನ್ನು ದೊಡ್ಡದಾಗಿ ಬರೆಯಬೇಕೆಂದು, ತನ್ನ ಹತ್ತಿರ ಕೆಲಸಕ್ಕೆ ಬರುವ ಹುಡುಗನು ಈಗ ತಾನೆ ಓದು ಕಲಿಯುತ್ತಿದ್ದಾನೆಂದು ಕೇಳಿಕೊಂಡನು.